ಪಕ್ಕದ ಕೋಣೆಯ ಕಂಪ್ರೆಸರ್ ಸದ್ದಿಗೆ ಫೋಮ್ ಮದ್ದಲ್ಲ

ಪ್ರಶ್ನೆ: ನಮ್ಮ ಕಾರ್ಖಾನೆಯ ವಿಶ್ರಾಂತಿ ಕೋಣೆಯ ಪಕ್ಕದಲ್ಲೇ ಬೆಲ್ಟಿನಿಂದ ಓಡುವ ಪಿಸ್ಟನ್ ಕಂಪ್ರೆಸರ್ ಇದೆ. ನಡುವಿನ ಗೋಡೆಗೆಲ್ಲ ಫೋಮ್ ಅಂಟಿಸಿ, ಯಂತ್ರದಡಿ ರಬ್ಬರ್ ಹಾಸಿದರೂ ಗುಂಯ್ ಎನ್ನುವ ಸದ್ದು ತಗ್ಗಿಲ್ಲ. ಏನು ಮಾಡಬೇಕು?

ಉತ್ತರ: ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ, ಗೋಡೆ ದಾಟಿ ಬರುವುದನ್ನು ತಡೆಯದು. 100 ಹರ್ಟ್ಸ್ ಸದ್ದಿನ ಒಂದು ಅಲೆಯೇ ಸುಮಾರು 3.4 ಮೀಟರ್ ಉದ್ದ. ಅದರ ಮುಂದೆ ಇಂಚು ದಪ್ಪದ ಫೋಮ್ ಲೆಕ್ಕಕ್ಕಿಲ್ಲ.

ಕಂಪ್ರೆಸರ್ ಓಡುವಾಗ ಗೋಡೆ, ನೆಲ, ಪೈಪಿನ ಕ್ಲ್ಯಾಂಪ್ ಮೇಲೆ ಅಂಗೈ ಇಟ್ಟು ನೋಡಿ. ನಡುಕ ತಿಳಿದರೆ ಸದ್ದು ಕಟ್ಟಡದ ಮೈಯೊಳಗೇ ಹರಿದು ಬರುತ್ತಿದೆ. ಯಂತ್ರದ ಬುಡದಲ್ಲೇ ತಡೆಯಬೇಕು.

ರಬ್ಬರ್ ಸೋತದ್ದೇಕೆ? ಯಂತ್ರದಡಿ ಇಡುವ ರಬ್ಬರ್ ಅಥವಾ ಸ್ಪ್ರಿಂಗ್ ಆಧಾರವೇ ಮೌಂಟ್. ಅದರ ಸಹಜ ಕಂಪನಾಂಕ, ಅಂದರೆ ಯಂತ್ರ ಹೊತ್ತು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬುದು, ಯಂತ್ರದ ಕಂಪನಾಂಕದ ಮೂರನೇ ಒಂದು ಪಾಲಿಗಿಂತ ಕಡಿಮೆಯಿರಬೇಕು. ಹಾಗಿದ್ದರೆ ಕಂಪನಬಲದ ಎಂಟನೇ ಒಂದು ಪಾಲಷ್ಟೇ ನೆಲಕ್ಕಿಳಿಯುತ್ತದೆ. ಇಲ್ಲಿ ಹಲವರು ಮೋಟಾರಿನ ವೇಗ ಹಿಡಿದು ಲೆಕ್ಕ ತಪ್ಪುತ್ತಾರೆ. ಬೇಕಾದದ್ದು ಕಂಪ್ರೆಸರ್ ಶಾಫ್ಟಿನ ವೇಗ: ಮೋಟಾರಿನ ವೇಗವನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ, ಕಂಪ್ರೆಸರ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಮೌಂಟ್ ಹೆಚ್ಚು ಕುಗ್ಗಿದಷ್ಟೂ ಅದರ ಸಹಜ ಕಂಪನಾಂಕ ಇಳಿಯುತ್ತದೆ. ಶಾಫ್ಟ್ ನಿಮಿಷಕ್ಕೆ 1450 ಸುತ್ತಾದರೆ, ಯಂತ್ರದ ಭಾರಕ್ಕೆ 4 ಮಿ.ಮೀ. ಕುಗ್ಗುವ ಮೌಂಟ್ ಸಾಕು. 600 ಸುತ್ತಾದರೆ 22ರಿಂದ 25 ಮಿ.ಮೀ. ಕುಗ್ಗಬೇಕು. ಅದು ಸ್ಪ್ರಿಂಗಿಗಷ್ಟೇ ಸಾಧ್ಯ, ತೆಳು ರಬ್ಬರಿಗಲ್ಲ. ಸ್ಪ್ರಿಂಗ್ ಮೇಲೆ ಯಂತ್ರ ಓಲಾಡುವುದರಿಂದ ಅದನ್ನು ಭಾರವಾದ ಕಾಂಕ್ರೀಟ್ ಪೀಠಕ್ಕೆ ಬಿಗಿದು, ಸ್ಪ್ರಿಂಗ್‌ಗಳನ್ನು ಪೀಠದಡಿ ಇಡಿಸಿ. ಕೆಲಸಕ್ಕೆ ಮೊದಲು ವಿದ್ಯುತ್ ಕಡಿದು, ಟ್ಯಾಂಕಿನ ಗಾಳಿ ಪೂರ್ತಿ ಬಿಡಲೇಬೇಕು.

ಇಷ್ಟೆಲ್ಲ ಮಾಡಿ ಗಟ್ಟಿ ಪೈಪನ್ನು ಹಾಗೇ ಬಿಟ್ಟರೆ ಶ್ರಮ ವ್ಯರ್ಥ. ನಡುಕ ಪೈಪ್ ಹಿಡಿದು ಗೋಡೆಗೆ ಹೋಗುತ್ತದೆ. ಹೊರಹರಿವಿನ ಬಾಯಿಗೆ ಅಲ್ಲಿನ ಒತ್ತಡ, ಬಿಸಿ ಎರಡನ್ನೂ ತಾಳುವ ಲೋಹದ ಹೆಣಿಗೆಯ ಹೋಸ್ ಹಾಕಿಸಿ. ಪೈಪಿನ ಕ್ಲ್ಯಾಂಪ್‌ಗಳನ್ನು ಆ ಗೋಡೆಯಿಂದ ಕಿತ್ತು ನೆಲದ ಸ್ಟ್ಯಾಂಡಿಗೆ ವರ್ಗಾಯಿಸಿ. ಮೌಂಟ್ ಮೂಲಕ ನೆಲಕ್ಕೆ ಬಿಗಿದ ಬೋಲ್ಟೂ ಇದೇ ತಪ್ಪು ಮಾಡುತ್ತದೆ. ಲೋಹಕ್ಕೆ ಲೋಹ ತಾಗಕೂಡದು.

ಗಾಳಿಯಲ್ಲಿ ಬರುವ ಸದ್ದಿಗೆ ಪೈಪ್ ತೂತು, ಬಾಗಿಲಡಿಯ ಸಂದು ಮುಚ್ಚಿ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ತಡೆ 20 ಡೆಸಿಬಲ್ ದಾಟದು. ಆದರೆ ಕಂಪ್ರೆಸರ್ ಕೋಣೆಯ ಗಾಳಿಕಿಂಡಿ ಮುಚ್ಚಬೇಡಿ, ಯಂತ್ರ ಕಾದು ಕೆಡುತ್ತದೆ.

ಆಮೇಲೂ ಸದ್ದು ಉಳಿದರಷ್ಟೇ ಹೊಸ ಗೋಡೆಯ ಮಾತು: ಹಳೆಯದಕ್ಕೆ ತಾಗದ ಚೌಕಟ್ಟು, ಒಳಗೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು), ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ. ಹಳೆಯ ಗೋಡೆಗೂ ಬೋರ್ಡಿಗೂ ನಡುವಿನ ಅಂತರ 100 ಮಿ.ಮೀ. ಇರಲಿ. ತೀರಾ ಕಿರಿದಾದರೆ ಅದೇ ತಗ್ಗಿನ ಗುಂಯ್ ಸದ್ದು ಇನ್ನಷ್ಟು ಏರಬಹುದು.