1950ರ ಕಾಲದ ಜೆಟ್ ಫೈಟರ್ ಛಾಯೆಯ ಲೋ-ಪಾಲಿ ಗಗನನೌಕೆ: ಎಷ್ಟು ತಿದ್ದಿದರೂ ರಾಕೆಟ್ ಥರ ಯಾಕೆ ಕಾಣುತ್ತೆ?

ಬ್ಲೆಂಡರ್‌ನಲ್ಲಿ (3ಡಿ ಮಾದರಿ ಮಾಡುವ ಸಾಫ್ಟ್‌ವೇರ್) ಲೋ-ಪಾಲಿ, ಅಂದರೆ ಕಡಿಮೆ ಮುಖಗಳ ಗಗನನೌಕೆಯನ್ನು 500 ಟ್ರಯಾಂಗಲ್ ಒಳಗೆ ಮುಗಿಸಬೇಕು, ಆದರೆ ಮಾಡಿದ್ದೆಲ್ಲ ರೆಕ್ಕೆ ಅಂಟಿಸಿದ ರಾಕೆಟ್ ಆಗುತ್ತಿದೆ ಅಂತ ಕೇಳಿದ್ದೀರಿ. ಹೀಗಾಗೋದು ಸಾಮಾನ್ಯವಾಗಿ ಅಳತೆ ತಪ್ಪಿದಾಗ. ಆ ಕಾಲದ ಫೈಟರ್ ಮಿಗ್-15ರ ಉದ್ದ ಸುಮಾರು 10.1 ಮೀಟರ್, ರೆಕ್ಕೆಯ ಹರವೂ ಹೆಚ್ಚುಕಡಿಮೆ ಅಷ್ಟೇ. ಎಫ್-86 ಸೇಬರ್ 11.4ಕ್ಕೆ 11.3. ಆಮೇಲೆ ಬಂದ ಎಫ್-104 ನೋಡಿ: ಉದ್ದ 16.7, ಹರವು ಬರೀ 6.6. ಜೆಟ್ ಅಂದರೆ ನಮ್ಮ ಕಣ್ಣಲ್ಲಿ ಕೂತಿರೋದು ಈ ಎರಡನೇ ಆಕಾರ, ಹಾಗಾಗಿ ಕೈ ತಾನಾಗೇ ಉದ್ದಕ್ಕೆ ಎಳೆಯುತ್ತೆ. ಮೊದಲು 10×10 ಚೌಕ ಹಾಕಿಕೊಂಡು ಅದರೊಳಗೇ ಕೆಲಸ ಮಾಡಿ.

ಒಡಲು ದಪ್ಪಗಿರಲಿ. ಮಿಗ್-15, ಸಾಬ್ 29 ಎರಡರಲ್ಲೂ ಇದ್ದದ್ದು ಕೇಂದ್ರಾಪಗಾಮಿ ಕಂಪ್ರೆಸರ್‌ನ (ಗಾಳಿಯನ್ನು ಹೊರಕ್ಕೆ ಚಿಮ್ಮಿಸಿ ಒತ್ತುವ) ಅಗಲ ಎಂಜಿನ್. ಸಾಬ್ 29ಕ್ಕೆ ಸ್ವೀಡನ್‌ನಲ್ಲಿ ಪೀಪಾಯಿ ಅಂತಲೇ ಅಡ್ಡಹೆಸರು. 8 ಬದಿಯ ಸಿಲಿಂಡರ್ ತಗೊಂಡು 22.5 ಡಿಗ್ರಿ ತಿರುಗಿಸಿ. ಆಗ ಮೇಲೆ, ಕೆಳಗೆ, ಎಡಬಲ ಚಪ್ಪಟೆ ಮುಖ ಸಿಗುತ್ತೆ: ಮೇಲೆ ಕ್ಯಾನೊಪಿ (ಪೈಲಟ್ ಮೇಲಿನ ಗಾಜಿನ ಮುಚ್ಚಳ) ಕೂರುತ್ತೆ, ಪಕ್ಕದಲ್ಲಿ ರೆಕ್ಕೆ. ಮಿರರ್ ಮಾಡಿಫೈಯರ್‌ಗಾಗಿ (ಅರ್ಧ ಮಾಡಿದ್ದನ್ನು ಕನ್ನಡಿಯಂತೆ ಇನ್ನರ್ಧಕ್ಕೆ ನಕಲಿಸುವ ಸಾಧನ) ನಡುವೆ ಕತ್ತರಿಸಿದ ಎಡ್ಜ್‌ಗಳನ್ನು ಕೊನೆಗೆ ಡಿಸಾಲ್ವ್ ಮಾಡೋದು (ಅಳಿಸೋದು) ಮರೆಯಬೇಡಿ. ಮೂತಿಯಿಂದ 0, 1, 3, 5, 7, 9, 10ರಲ್ಲಿ ಏಳು ಉಂಗುರ. ತ್ರಿಜ್ಯ ಕ್ರಮವಾಗಿ 0.6, 0.75, 0.95, 1, 0.85, 0.6, 0.5. ಇಷ್ಟಕ್ಕೆ 96 ಟ್ರಯಾಂಗಲ್.

ಇನ್ನು ಮೂತಿಯ ತೂತು. ಈ ವಿಮಾನಗಳ ಮುಖವೇ ಅದು. ಮೂತಿ ಮುಚ್ಚಿ ಚೂಪು ಮಾಡಿದರೆ ಅಲ್ಲಿಗೆ ರಾಕೆಟ್ ಆಯಿತು. ತುದಿಯ ಫೇಸ್ ಅನ್ನು 0.08 ಇನ್‌ಸೆಟ್ ಮಾಡಿ (ಒಳಗೊಂದು ಚಿಕ್ಕ ಫೇಸ್ ಬರುತ್ತೆ), ಅದನ್ನು 1.2 ಒಳಕ್ಕೆ ಎಕ್ಸ್‌ಟ್ರೂಡ್ ಮಾಡಿ (ತಳ್ಳಿ), ತಳಕ್ಕೆ ಕಪ್ಪು ಬಣ್ಣ ಕೊಡಿ. ಬೇರೆ ಸಿಲಿಂಡರ್ ತಂದು ತೂರಿಸಿದರೆ ನಾರ್ಮಲ್‌ಗಳು (ಫೇಸ್ ಯಾವ ಕಡೆ ಮುಖ ಮಾಡಿದೆ ಅನ್ನೋ ಗುರುತು) ಹೊರಮುಖವಾಗೇ ಉಳಿದು, ಗೇಮ್ ಎಂಜಿನ್‌ನಲ್ಲಿ ಒಳಗೋಡೆ ಮಾಯವಾಗುತ್ತೆ. ಫೇಸ್ ಓರಿಯೆಂಟೇಶನ್ ಹಾಕಿ ನೋಡಿ, ಕೆಂಪು ಕಂಡಲ್ಲಿ ಫ್ಲಿಪ್ ಮಾಡಿ. ಹಿಂಭಾಗಕ್ಕೂ ಇದೇ ವಿಧಾನ. ಎರಡೂ ತೂತು ಸೇರಿ 76. ಅಂತರಿಕ್ಷದಲ್ಲಿ ಗಾಳಿಯೇ ಇಲ್ಲ, ಇನ್‌ಟೇಕ್ ಯಾಕೆ ಅಂತ ಯಾರಾದರೂ ತಕರಾರು ತೆಗೆದೇ ತೆಗೀತಾರೆ. ತಳದಲ್ಲಿ ಒಂದು ಹೊಳೆಯುವ ಬಿಲ್ಲೆ ಇಟ್ಟು ಸೆನ್ಸರ್ ಅನ್ನಿ.

ರೆಕ್ಕೆ ಮೂತಿಯಿಂದ 3ರಲ್ಲಿ ಶುರುವಾಗಲಿ, ಬುಡದ ಅಗಲ 3, ತುದಿಯದು 1.5. ಮಿಗ್-15, ಸೇಬರ್ ಎರಡರದ್ದೂ 35 ಡಿಗ್ರಿ ಹಿಂಬಾಗು, ಅಂದರೆ 1 ಹೊರಗೆ ಹೋದರೆ 0.7 ಹಿಂದೆ. ಅಡ್ಡಸೀಳು ವಜ್ರಾಕಾರ ಸಾಕು, ಒಂದಕ್ಕೆ 10 ಟ್ರಯಾಂಗಲ್. ಬರೀ ಪ್ಲೇನ್ ಇಟ್ಟರೆ ಒಂದು ಕಡೆಯಿಂದ ಕಾಣೋದೇ ಇಲ್ಲ. ಬುಡವನ್ನು ಒಡಲೊಳಗೆ 0.1 ತೂರಿಸಿ, ಬೂಲಿಯನ್ (ಎರಡು ಆಕಾರ ಬೆಸೆಯುವ ಸಾಧನ) ಬೇಡ, ಅನಗತ್ಯ ಚೂರು ಫೇಸ್‌ಗಳು ಹುಟ್ಟಿಕೊಳ್ಳುತ್ತವೆ. ಬಾಲದ ಮೂರು ರೆಕ್ಕೆಗೆ 30, ಕ್ಯಾನೊಪಿಗೆ 24 ಹಿಡಿದರೂ ಒಟ್ಟು 246. ಕ್ಯಾನೊಪಿಯನ್ನು ಮೂತಿಯಿಂದ 2 ಮತ್ತು 4ರ ನಡುವೆ ಇಡಿ, ಹಿಂದಕ್ಕೆ ಸರಿದಷ್ಟೂ 1950ರ ಛಾಯೆ ಕೆಡುತ್ತೆ.

ಉಳಿದ 250ರಲ್ಲಿ ನೌಕೆಯಾಗಿಸುವ ಭಾಗ ಸೇರಿಸಿ, ಆದರೆ ಒಂದೇ ಒಂದು. ರೆಕ್ಕೆಯಡಿ ಡ್ರಾಪ್ ಟ್ಯಾಂಕ್ (ಕಳಚಿ ಬೀಳಿಸುವ ಇಂಧನ ಟ್ಯಾಂಕ್) ಜಾಗದಲ್ಲಿ 6 ಬದಿಯ ಥ್ರಸ್ಟರ್, ಇಲ್ಲವೇ ಡಿ ಹ್ಯಾವಿಲೆಂಡ್ ವ್ಯಾಂಪೈರ್ ಥರ ಜೋಡಿ ಬಾಲ. ಎರಡೂ ಹಾಕಿದರೆ ಆಕೃತಿ ದೂರದಿಂದ ಗುರುತೇ ಸಿಗಲ್ಲ. ಕ್ಯಾಮೆರಾ ದೂರ ಎಳೆದು, ಬರೀ ಕಪ್ಪು ನೆರಳಾಗಿ ನೋಡಿ ತೀರ್ಮಾನಿಸಿ.

ಎಕ್ಸ್‌ಪೋರ್ಟ್‌ಗೆ ಮುಂಚೆ ಸ್ಕೇಲ್ ಅಪ್ಲೈ ಮಾಡಿ, ಟ್ರಯಾಂಗ್ಯುಲೇಟ್ (ಫೇಸ್‌ಗಳನ್ನು ತ್ರಿಕೋನಗಳಾಗಿ ಸೀಳೋದು) ನೀವೇ ಮಾಡಿ. ಎಂಜಿನ್‌ಗೆ ಬಿಟ್ಟರೆ ಸಮತಲವಲ್ಲದ ಕ್ವಾಡ್‌ಗಳನ್ನು (ನಾಲ್ಕು ಬದಿಯ ಫೇಸ್) ಅದು ಎಡಕ್ಕೊಂದು ಬಲಕ್ಕೊಂದು ಥರ ಸೀಳಬಹುದು, ಫ್ಲಾಟ್ ಶೇಡಿಂಗ್‌ನಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತೆ. ಬಣ್ಣಕ್ಕೆ ಚಿಕ್ಕ ಪ್ಯಾಲೆಟ್ ಟೆಕ್ಸ್ಚರ್ ಸಾಕು: ಪ್ರತಿ ಫೇಸ್‌ನ ಯುವಿಯನ್ನು (ಟೆಕ್ಸ್ಚರ್‌ನಲ್ಲಿ ಅದರ ಜಾಗ) ಬಣ್ಣದ ಚೌಕದ ನಡುವೆ ಒಂದು ಚುಕ್ಕೆಯಷ್ಟಕ್ಕೆ ಕುಗ್ಗಿಸಿ, ಮಿಪ್‌ಮ್ಯಾಪ್ (ದೂರಕ್ಕೆ ಬಳಸುವ ಕುಗ್ಗಿಸಿದ ಟೆಕ್ಸ್ಚರ್) ಆಫ್ ಮಾಡಿ. ಇಲ್ಲದಿದ್ದರೆ ದೂರ ಹೋದಂತೆ ಅಲ್ಯೂಮಿನಿಯಂ ಬೂದಿಗೆ ಪಕ್ಕದ ಕೆಂಪು ಸೋರಬಹುದು.