ನೂರು ಎಂಬಿಪಿಎಸ್‌ಗೆ ಹನ್ನೊಂದೇ ಏಕೆ?

ನಮಸ್ಕಾರ. ಸರಸ್ವತಿಪುರಂನ ನಿಮ್ಮ ಮನೆಗೆ 100 ಎಂಬಿಪಿಎಸ್ ಇಂಟರ್ನೆಟ್ ಸಂಪರ್ಕ ತೆಗೆದುಕೊಂಡರೂ ಡೌನ್‌ಲೋಡ್ ಮಾಡುವಾಗ 11.3 ಮಾತ್ರ ಕಾಣಿಸುತ್ತಿದೆ, ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಇಲ್ಲ, ನಿಮಗೆ ಪೂರ್ತಿ ವೇಗವೇ ಸಿಗುತ್ತಿದೆ.

ಕಂಪನಿಯವರು ಹೇಳುವುದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಅನ್ನು 8ರಿಂದ ಭಾಗಿಸಿ, 12.5 ಬರುತ್ತದೆ. ಉಳಿದದ್ದು ಎಲ್ಲಿ ಹೋಯಿತು? ದತ್ತಾಂಶ ಪುಟ್ಟ ಪೊಟ್ಟಣಗಳಾಗಿ ಬರುತ್ತದೆ, ಪ್ರತಿಯೊಂದರ ಮೇಲೂ ವಿಳಾಸ ಇತ್ಯಾದಿ ವಿವರ ಇರಬೇಕು. ಅದಕ್ಕೇ ಸುಮಾರು ಶೇ 5ರಷ್ಟು ಖರ್ಚಾಗಿ 11.9ರ ಆಸುಪಾಸಿಗೆ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದೇ ಇಲ್ಲ: ವಿಂಡೋಸ್ 1 ಮೆಗಾಬೈಟ್ ಎಂದರೆ 10 ಲಕ್ಷ ಬೈಟ್ ಎನ್ನದೆ 10,48,576 ಬೈಟ್ ಎಂದು ಲೆಕ್ಕ ಹಾಕುತ್ತದೆ. ಹೀಗಾಗಿ ಪರದೆಯ ಮೇಲೆ 11.3!

4 ಜಿಬಿಯ ಕಡತಕ್ಕೆ ಸುಮಾರು ಆರು ನಿಮಿಷ ಹಿಡಿದರೆ ಅದು ಸರಿಯಾದ ವೇಗವೇ.

ಮುಂದೆ 300ರ ಯೋಜನೆಗೆ ಹೋಗುವ ಯೋಚನೆಯಿದ್ದರೆ ದಯವಿಟ್ಟು ಮೊದಲು ರೂಟರ್‌ನ ಪೋರ್ಟ್ ಮತ್ತು ಕೇಬಲ್ ನೋಡಿ. ಕೇಬಲಿನೊಳಗೆ ನಾಲ್ಕು ಜೊತೆ ತಂತಿಗಳ ಬದಲು ಎರಡೇ ಜೊತೆ ಜೋಡಿಸಿದ್ದರೆ, ಎಷ್ಟು ಹಣ ಕಟ್ಟಿದರೂ ಸಾಮಾನ್ಯವಾಗಿ 100ರಲ್ಲೇ ನಿಲ್ಲುತ್ತದೆ. ವೇಗ ಪರೀಕ್ಷಿಸುವಾಗಲೂ ವೈಫೈ ಬೇಡ, ಕೇಬಲನ್ನೇ ನೇರವಾಗಿ ಚುಚ್ಚಿ ನೋಡಿ. ಗೋಡೆಗಳು ವೈಫೈ ವೇಗವನ್ನು ಬಹಳವೇ ತಗ್ಗಿಸುತ್ತವೆ.