ಎಂ.ಲಿಬ್ ಓದಿದವರು ಕುಲಪತಿ ಆಗಬಹುದಾ?

ಓದುಗರ ಪತ್ರ: ಆಗಸ್ಟ್ ಸಂಚಿಕೆಯಲ್ಲಿ ಗ್ರಂಥಪಾಲಕರ ದಿನದ ಬಗ್ಗೆ ನೀವು ಬರೆದಿದ್ದನ್ನು ಓದಿದೆ. ನನ್ನ ಮಗಳು ಕಾರವಾರದಲ್ಲಿ ಬಿ.ಎಸ್ಸಿ ಮುಗಿಸಿದ್ದಾಳೆ. ಈಗ ಧಾರವಾಡಕ್ಕೆ ಹೋಗಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ (ಎಂ.ಲಿಬ್) ಓದ್ತೇನೆ ಅಂತಾಳೆ. ನಮ್ಮ ಭಾವ ನಗುತ್ತಾರೆ. ‘ಪುಸ್ತಕಕ್ಕೆ ಠಸ್ಸೆ ಹೊಡೆಯಲಿಕ್ಕೆ ಎರಡು ವರ್ಷ ಓದಬೇಕಾ? ಎಲ್ಲ ಮೊಬೈಲ್‌ನಲ್ಲೇ ಸಿಗುವಾಗ ಲೈಬ್ರರಿಗೆ ಯಾರು ಬರ್ತಾರೆ?’ ಎನ್ನುತ್ತಾರೆ. ಈ ಲೈನಿನಲ್ಲಿ ವಿಶ್ವವಿದ್ಯಾಲಯದ ಮೇಲಿನ ಕುರ್ಚಿವರೆಗೆ ಹೋದವರು ಯಾರಾದರೂ ಇದ್ದಾರಾ? ಒಂದು ಹೆಸರು ಕೊಡಿ, ಭಾವನ ಬಾಯಿ ಮುಚ್ಚಿಸಬೇಕು. ಇನ್ನೊಂದು ಮಾತು. ನಮ್ಮ ತಂದೆಯವರು ಬಿಟ್ಟುಹೋದ ಪುಸ್ತಕಗಳು ಟ್ರಂಕುಗಳಲ್ಲಿ ಹಾಗೇ ಇವೆ. ಅವನ್ನು ಯಾರಿಗೆ ಕೊಡುವುದು?
(ಅಂಕೋಲಾ ಕಡೆಯ ನಿವೃತ್ತ ಮಾಸ್ತರರೊಬ್ಬರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮಾಸ್ತರೇ, ಕೇಳಿದ ಹೆಸರು ಮೊದಲೇ ಕೊಟ್ಟುಬಿಡುತ್ತೇನೆ. ಮಾರ್ಥಾ ಪೊಲಾಕ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ 2017ರಿಂದ 2024ರವರೆಗೆ ಅಧ್ಯಕ್ಷರಾಗಿದ್ದವರು. ಅಲ್ಲಿ ಅಧ್ಯಕ್ಷರು ಅಂದರೆ ಹೆಚ್ಚುಕಮ್ಮಿ ನಮ್ಮ ಕುಲಪತಿ ಇದ್ದ ಹಾಗೆ. ಅದಕ್ಕೂ ಮೊದಲು, 2007ರಿಂದ 2010ರವರೆಗೆ, ಅವರು ಮಿಷಿಗನ್ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಇನ್ಫರ್ಮೇಶನ್‌ಗೆ ಡೀನ್ ಆಗಿದ್ದರು. ಅಂದರೆ ನಿಮ್ಮ ಮಗಳು ಓದಬೇಕೆಂದಿರುವ ವಿಷಯದ ಮನೆಗೇ ಯಜಮಾನಿ.

ಆದರೆ ಭಾವನ ಎದುರು ಈ ಹೆಸರು ಹೇಳುವ ಮೊದಲು ಪೂರ್ತಿ ಕಥೆ ಕೇಳಿಕೊಳ್ಳಿ. ಇಲ್ಲದಿದ್ದರೆ ಅವರೇ ನಿಮ್ಮನ್ನು ಸಿಕ್ಕಿಸಿಹಾಕುತ್ತಾರೆ. ಪೊಲಾಕ್ ಲೈಬ್ರರಿಯ ಕಡೆಯಿಂದ ಬಂದವರಲ್ಲ. ಡಿಗ್ರಿಯಲ್ಲಿ ಓದಿದ್ದು ಭಾಷಾವಿಜ್ಞಾನ. ಆಮೇಲೆ ಪಿಎಚ್.ಡಿ ಮಾಡಿದ್ದು ಕಂಪ್ಯೂಟರ್ ಕಡೆ. ಅವರ ಕೆಲಸವೆಲ್ಲ ಕೃತಕ ಬುದ್ಧಿಮತ್ತೆಯಲ್ಲಿ, ಅದೂ ಈಗಿನ ಗಲಾಟೆ ಶುರುವಾಗುವುದಕ್ಕಿಂತ ಎಷ್ಟೋ ಮೊದಲು. ‘ಆಟೋಮೈಂಡರ್’ ಅಂತ ಒಂದು ವ್ಯವಸ್ಥೆಯ ಮೇಲೆ ಅವರ ತಂಡ ಕೆಲಸ ಮಾಡಿತ್ತು. ಮರೆವು ಶುರುವಾದ ವಯಸ್ಸಾದವರಿಗೆ ಊಟ, ಮಾತ್ರೆ ನೆನಪಿಸುವ ವ್ಯವಸ್ಥೆ. ಹೊತ್ತಿಗೆ ಸರಿಯಾಗಿ ಸುಮ್ನೆ ಗಂಟೆ ಬಾರಿಸುವುದಾದರೆ ಅಲಾರಂ ಸಾಕಿತ್ತು. ಇದು ಆ ವ್ಯಕ್ತಿಯ ದಿನಚರಿಯನ್ನು ಗಮನಿಸಬೇಕು, ಕೆಲಸ ಆಗಿದೆಯಾ ಇಲ್ಲವಾ ಎಂದು ಊಹಿಸಬೇಕು, ಯಾವಾಗ ನೆನಪಿಸಬೇಕು, ಯಾವಾಗ ಸುಮ್ಮನಿರಬೇಕು ಎಂದು ತಾನೇ ತೀರ್ಮಾನಿಸಬೇಕು. ಮನೆಯಲ್ಲಿ ವಯಸ್ಸಾದ ಅಮ್ಮನನ್ನು ನೋಡಿಕೊಂಡವರಿಗೆ ಇದು ಎಷ್ಟು ನಾಜೂಕಿನ ಕೆಲಸ ಅಂತ ಗೊತ್ತು. ಜಾಸ್ತಿ ನೆನಪಿಸಿದರೆ ಅವರಿಗೆ ಸಿಟ್ಟು, ಕಮ್ಮಿ ನೆನಪಿಸಿದರೆ ಮಾತ್ರೆ ತಪ್ಪಿತು.

ಇಂಥವರು ಲೈಬ್ರರಿ ಸ್ಕೂಲಿಗೆ ಡೀನ್ ಆದದ್ದು ಹೇಗೆ? ಅಷ್ಟೊತ್ತಿಗೆ ಆ ಸ್ಕೂಲೇ ಬದಲಾಗಿತ್ತು. ಮಿಷಿಗನ್‌ನಲ್ಲಿ ಗ್ರಂಥಪಾಲಕರ ಶಿಕ್ಷಣ 1926ರಷ್ಟು ಹಿಂದೆಯೇ ಶುರುವಾಗಿತ್ತು. 1996ರಲ್ಲಿ ಅದನ್ನು ಸ್ಕೂಲ್ ಆಫ್ ಇನ್ಫರ್ಮೇಶನ್ ಎಂದು ಹೊಸದಾಗಿ ಕಟ್ಟಿದರು. ಗ್ರಂಥಾಲಯದವರ ಜೊತೆಗೆ ಕಂಪ್ಯೂಟರಿನವರು, ಅರ್ಥಶಾಸ್ತ್ರದವರು, ಮನಶ್ಶಾಸ್ತ್ರದವರು ಒಂದೇ ಸೂರಿನಡಿ ಕೂತರು. ಪೊಲಾಕ್ ಅಲ್ಲಿಂದ ಮೇಲೆ ಹೋಗಿ 2013ರಲ್ಲಿ ಇಡೀ ಮಿಷಿಗನ್‌ನ ಪ್ರೊವೊಸ್ಟ್ ಆದರು. ಓದು, ಸಂಶೋಧನೆ, ಬಜೆಟ್ ಎಲ್ಲ ನೋಡಿಕೊಳ್ಳುವ ಹುದ್ದೆ ಅದು. ಅಲ್ಲಿಂದ ಕಾರ್ನೆಲ್‌ಗೆ. ಹಾಗಾಗಿ ಭಾವನಿಗೆ ಹೇಳುವುದಾದರೆ ಹೀಗೆ ಹೇಳಿ: ಮಾಹಿತಿ ವಿಜ್ಞಾನದ ಶಾಲೆಯನ್ನು ನಡೆಸಿದ ಅನುಭವ ಅವರನ್ನು ಮೇಲಿನ ಕುರ್ಚಿಗೆ ಒಯ್ಯುವ ದಾರಿಯಲ್ಲಿತ್ತು.

ಇನ್ನು ನಮ್ಮ ಕಡೆಯ ಹೆಸರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಬಗ್ಗೆ ಆಗಸ್ಟ್ ಸಂಚಿಕೆಯಲ್ಲಿ ಜಾಗ ಸಾಲದೆ ಬಿಟ್ಟಿದ್ದನ್ನು ಇಲ್ಲಿ ಹೇಳುತ್ತೇನೆ. ಅವರು ಗಣಿತದ ಮೇಷ್ಟ್ರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಸೇರಿದರು. ಸೇರಿದ ಕೆಲವೇ ದಿನಕ್ಕೆ ಬೇಜಾರು ಬಂತು. ಮಾತಾಡಿಸಲು ಒಬ್ಬರಿಲ್ಲ, ಮಾಡಲು ಕೆಲಸವಿಲ್ಲ. ಕಾಲೇಜಿಗೇ ವಾಪಸು ಬರ್ತೇನೆ ಅಂತ ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು, ‘ಒಮ್ಮೆ ಲಂಡನ್ನಿಗೆ ಹೋಗಿ ತರಬೇತಿ ಮುಗಿಸಿ ಬಾ, ಆಮೇಲೂ ಬೇಡ ಅನ್ನಿಸಿದರೆ ನಿನ್ನ ಗಣಿತದ ಕೆಲಸ ನಿನಗೆ’ ಅನ್ನುವ ಅರ್ಥದಲ್ಲಿ ಒಪ್ಪಿಸಿ ಕಳಿಸಿದರು. ಅಂದರೆ ಇಂದು ನಾವು ಹೂಮಾಲೆ ಹಾಕುವ ಮಹಾನುಭಾವರಿಗೂ ಶುರುವಿನಲ್ಲಿ ನಿಮ್ಮ ಭಾವನಿಗೆ ಅನ್ನಿಸಿದ್ದೇ ಅನ್ನಿಸಿತ್ತು!

ಬ್ರಿಟನ್ನಿನಲ್ಲಿ ಅವರು ನೂರಕ್ಕೂ ಜಾಸ್ತಿ ಗ್ರಂಥಾಲಯ ಸುತ್ತಿದರು. ಕೂಲಿಕಾರರಿಗೆ, ಮಕ್ಕಳಿಗೆ, ಗೃಹಿಣಿಯರಿಗೆ ಎಲ್ಲರಿಗೂ ಅಲ್ಲಿ ಬಾಗಿಲು ತೆರೆದಿತ್ತು. ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸುವ ರೀತಿ ಬದಲಿಸಿದರೆ ಹೊಸ ಆಟಿಕೆ. ಅಲ್ಲಿಂದ ಹೊಳೆದದ್ದು ಕೋಲನ್ ವರ್ಗೀಕರಣ, ಅಂದರೆ ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಪದ್ಧತಿ. 1933ರಲ್ಲಿ ಅಚ್ಚಾಯಿತು. ಅದಕ್ಕೂ ಎರಡು ವರ್ಷ ಮೊದಲೇ ಗ್ರಂಥಾಲಯ ಹೇಗೆ ನಡೆಯಬೇಕು ಎಂಬ ಅವರ ಐದು ಸೂತ್ರಗಳು ಬಂದಿದ್ದವು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು ಮೊದಲನೆಯದು. ಓದುಗರ ಸಮಯ ಉಳಿಸಿ ಅನ್ನುವುದು ನಾಲ್ಕನೆಯದು. ನಮ್ಮ ಎಷ್ಟು ಕಚೇರಿಗಳ ಗೋಡೆಯ ಮೇಲೆ ಈ ನಾಲ್ಕನೆಯ ಸೂತ್ರ ಬರೆಸಬೇಕಿತ್ತು, ಇರಲಿ.

ಮದ್ರಾಸಿನಲ್ಲಿ ಇಪ್ಪತ್ತು ವರ್ಷ, ಆಮೇಲೆ ಬನಾರಸ್, ದಿಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದ್ರಾಸಿನಲ್ಲಿ ಬಂದದ್ದು ಅವರ ಹಟದಿಂದ. 1962ರಲ್ಲಿ ಬೆಂಗಳೂರಿನಲ್ಲಿ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಒಳಗೆ, ಡಿ.ಆರ್.ಟಿ.ಸಿ. ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಎಂಬ ಗೌರವ. ತಮ್ಮ ದುಡಿಮೆಯ ಒಂದು ಲಕ್ಷ ರೂಪಾಯಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಹೆಂಡತಿ ಶಾರದಾ ಹೆಸರೂ ಸೇರಿದ ಪ್ರಾಧ್ಯಾಪಕ ಪೀಠ ಮಾಡಿಸಿದರು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರಿನ ಜೊತೆ ನಮಗೆ ನೆನಪಾಗುವುದು ಕುಲಪತಿಯ ಕುರ್ಚಿ ಅಲ್ಲವೇ ಅಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ, ಮಾಸ್ತರೇ. ಈ ಲೈನಿನಲ್ಲಿ ಮೇಲೆ ಹೋದವರ ಬದುಕು ನೋಡಿದರೆ, ಅವರಲ್ಲಿ ಹಲವರು ಕೂತ ಕುರ್ಚಿ ಅವರು ಕೆಲಸಕ್ಕೆ ಸೇರುವಾಗ ಇರಲೇ ಇಲ್ಲ. ಎಷ್ಟೋ ಸಲ ಅದನ್ನು ಅವರೇ ಮಾಡಿಸಿಕೊಂಡರು. ವೈದ್ಯರಿಗೆ, ಎಂಜಿನಿಯರರಿಗೆ ಇರುವ ಹಾಗೆ ಇಲ್ಲಿ ಕಟ್ಟಿಟ್ಟ ಮೆಟ್ಟಿಲು ಇಲ್ಲ. ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಶುರು ಮಾಡಿ ಜಿಲ್ಲೆಯ ಉದ್ದಕ್ಕೂ ಶಾಲೆ ತೆರೆಯುವಾಗ, ಯಾರೂ ಅವರಿಗೆ ಹುದ್ದೆಯ ಆದೇಶ ಪತ್ರ ಕೊಟ್ಟಿರಲಿಲ್ಲ.

ಇನ್ನೊಂದು ಹೆಸರು, ಇದು ನಿಮ್ಮ ಮಗಳಿಗೆ. ರಾಬರ್ಟ್ ಟೇಲರ್. ಕಾಲೇಜು ಗ್ರಂಥಾಲಯಗಳಲ್ಲಿ ದುಡಿದು, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಶಾಲೆಗೆ ಡೀನ್ ಆದವರು. 1974ರಲ್ಲಿ ಅದನ್ನು ಸ್ಕೂಲ್ ಆಫ್ ಇನ್ಫರ್ಮೇಶನ್ ಸ್ಟಡೀಸ್ ಎಂದು ಬದಲಿಸಿದರು. ಆಮೇಲೆ ಜಗತ್ತಿನ ಎಷ್ಟೋ ಕಡೆ ಅದೇ ದಾರಿ ಹಿಡಿದರು. ನನಗೆ ಅವರ ಡೀನ್‌ಗಿರಿಗಿಂತ 1968ರ ಒಂದು ಲೇಖನ ದೊಡ್ಡದಾಗಿ ಕಾಣುತ್ತದೆ. ಗ್ರಂಥಾಲಯದ ಕೌಂಟರಿಗೆ ಬಂದವರು ಕೇಳುವ ಪ್ರಶ್ನೆ, ಅವರಿಗೆ ಬೇಕಾದ ಪ್ರಶ್ನೆ ಆಗಿರುವುದಿಲ್ಲ ಅನ್ನುವುದು ಅದರ ತಿರುಳು. ಮೊದಲು ಹೊಟ್ಟೆಯೊಳಗೆ ಒಂದು ಕಸಿವಿಸಿ ಇರುತ್ತದೆ, ಮಾತಿಗೆ ಬಂದಿರುವುದಿಲ್ಲ. ಆಮೇಲೆ ಮನಸ್ಸಿನಲ್ಲಿ ಅರೆಬರೆ ಮೂಡುತ್ತದೆ. ಆಮೇಲೆ ಸರಿಯಾದ ಪ್ರಶ್ನೆ ಆಗುತ್ತದೆ. ಕೊನೆಗೆ ‘ಇಲ್ಲಿ ಏನು ಸಿಕ್ಕೀತು’ ಎಂದು ಲೆಕ್ಕ ಹಾಕಿ, ಅದನ್ನು ಕತ್ತರಿಸಿ ಸಣ್ಣದು ಮಾಡಿ ಕೇಳುತ್ತಾರೆ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ಕುಮಟಾ ಬದಿಯ ಮಾಣಿಕಟ್ಟಾದ ಹುಡುಗನೊಬ್ಬ ಲೈಬ್ರರಿಗೆ ಬಂದು ‘ಕೃಷಿ ಪುಸ್ತಕ ಇದೆಯಾ?’ ಅಂತ ಕೇಳಿದ ಅಂದುಕೊಳ್ಳಿ. ಬೆರಳು ತೋರಿಸಿ ‘ಆ ಕಪಾಟು ನೋಡು’ ಅಂದರೆ ಕೆಲಸ ಮುಗಿಯಿತು. ಅವನು ತೆಂಗು, ಅಡಿಕೆ, ಜೇನು ತಿರುವಿ ಹಾಕಿ ಹೋಗುತ್ತಾನೆ. ಅದರ ಬದಲು ‘ಎಂಥಕ್ಕೆ ಬೇಕಿತ್ತು ತಮ್ಮಾ?’ ಅಂತ ಒಂದು ಮಾತು ಕೇಳಿ. ಗದ್ದೆಗೆ ಅಂತಾನೆ. ಯಾವ ಗದ್ದೆ? ಗಜನಿ, ಹಿನ್ನೀರಿನ ದಡದ್ದು. ಏನಾಯ್ತು? ಒಡ್ಡು ಒಡೆದು ಉಪ್ಪುನೀರು ನುಗ್ಗಿದೆ. ಏನು ಬೆಳೀತಿದ್ರಿ? ಮೊದಲು ಕಗ್ಗ ಹಾಕ್ತಿದ್ದರು, ಈಗ ಅಪ್ಪ ಬೇರೆ ತಳಿ ಹಾಕಿದ್ದಾರೆ. ಈಗ ಪ್ರಶ್ನೆ ಕೈಗೆ ಸಿಕ್ಕಿತು, ಅಲ್ವಾ? ಬೇಕಾದದ್ದು ಕೃಷಿ ಪುಸ್ತಕ ಅಲ್ಲ. ಉಪ್ಪುನೀರು ತಾಳುವ ಕಗ್ಗ ಭತ್ತದ ಬಗ್ಗೆ, ಅಘನಾಶಿನಿ ಹಿನ್ನೀರಿನ ಗಜನಿ ಬಗ್ಗೆ ಯಾರು ಏನು ಬರೆದಿದ್ದಾರೆ ಅನ್ನುವುದು. ರಂಗನಾಥನ್ ಪದ್ಧತಿಯೂ ಇಲ್ಲೇ ಉಪಯೋಗಕ್ಕೆ ಬರುತ್ತದೆ. ಬೆಳೆ ಯಾವುದು, ತೊಂದರೆ ಏನು, ಜಾಗ ಎಲ್ಲಿ, ಕಾಲ ಯಾವುದು ಎಂದು ಬೇರೆ ಬೇರೆ ಮಾಡಿ, ಬೇಕಾದಂತೆ ಜೋಡಿಸುವುದು.

ಮೊಬೈಲ್‌ನಲ್ಲಿ ಎಲ್ಲ ಸಿಗುತ್ತದೆ ಅನ್ನುವ ಭಾವನ ಮಾತಿಗೂ ಬರುತ್ತೇನೆ. ಸಿಗುತ್ತದೆ, ನಿಜ. ಆದರೆ ಯಾರೋ ಇಟ್ಟಿದ್ದರೆ ಮಾತ್ರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇದೆಯಲ್ಲ, ಅಂಥ ಕಡೆ ಸಂಶೋಧನೆ ಮಾಡಿದವರ ಪ್ರಬಂಧ ಹಿಂದೆ ಓದಬೇಕಾದರೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕಿತ್ತು. ರಟ್ಟು ಹಾಕಿದ ಪ್ರತಿ ಅಲ್ಲಿನ ಕಪಾಟಿನಲ್ಲಿ. ಈ ಶತಮಾನದ ಶುರುವಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರೊ. ಶಾಲಿನಿ ಅರಸ್ ಅವರು ‘ವಿದ್ಯಾನಿಧಿ’ ಎಂದು ಭಾರತದ ಸಂಶೋಧನಾ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ ಶುರು ಮಾಡಿದರು. ಕನ್ನಡದ ಪ್ರಬಂಧ ಕನ್ನಡ ಅಕ್ಷರದಲ್ಲೇ ಹುಡುಕಲು ಸಿಗಬೇಕು ಎಂದು ಯುನಿಕೋಡ್ ಬಳಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಅದೇ ವಿಶ್ವವಿದ್ಯಾಲಯದಲ್ಲಿ ಮಾಹಿತಿ ನಿರ್ವಹಣೆಗೇ ಒಂದು ಅಂತರರಾಷ್ಟ್ರೀಯ ಶಾಲೆಯನ್ನೂ ಅವರು ಕಟ್ಟಿದರು. ಇಲ್ಲೂ ನೋಡಿ, ಕುರ್ಚಿ ಮೊದಲೇ ಇರಲಿಲ್ಲ. ಮುಂದೆ 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಬಂಧಗಳ ಡಿಜಿಟಲ್ ಪ್ರತಿ ಕೊಡಬೇಕೆಂದು ನಿಯಮ ತಂದಿತು. ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧಗಳ ಜಾಲತಾಣ ‘ಶೋಧಗಂಗಾ’ ಬೆಳೆದದ್ದು ಹಾಗೆ. ಇವತ್ತು ನಿಮ್ಮ ಮಗಳು ಅಂಕೋಲೆಯ ಜಗಲಿಯಲ್ಲೇ ಕೂತು ಅದನ್ನು ತೆರೆಯಬಹುದು. ಒಮ್ಮೆ ತೆರೆಸಿ ನೋಡಿ, ಭಾವನ ಎದುರಿಗೇ.

ತೆರೆದು ನಮ್ಮ ಜಿಲ್ಲೆಯ ಬಗ್ಗೆ ಹುಡುಕಲಿ. ಒಬ್ಬರು ಉತ್ತರ ಕನ್ನಡ ಅಂದಿರುತ್ತಾರೆ, ಇನ್ನೊಬ್ಬರು ನಾರ್ತ್ ಕೆನರಾ, ಮತ್ತೊಬ್ಬರು ಬರೀ ಕಾರವಾರ. ಇಂಗ್ಲಿಷ್ ಸ್ಪೆಲಿಂಗ್ ಅಂತೂ ಅವರವರ ಇಷ್ಟ. ಒಂದು ಹೆಸರು ಹಾಕಿ ಹುಡುಕಿದರೆ ಉಳಿದವು ಕಣ್ಣಿಗೆ ಬೀಳುವುದೇ ಇಲ್ಲ. ಇವೆಲ್ಲ ಒಂದೇ ಜಾಗ ಎಂದು ಗುರುತು ಹಾಕಿ ಜೋಡಿಸಿಡುವ ಕೆಲಸ ಯಾರದ್ದು? ಭಾವ ಯಾರನ್ನು ಠಸ್ಸೆ ಹೊಡೆಯುವವರು ಅಂತಾರೋ, ಆ ಗ್ರಂಥಪಾಲಕರದ್ದೇ.

ಈಗ ಸಿಹಿ ಅಲ್ಲದ ಮಾತು. ಕೆಲಸ ಸುಲಭವಾಗಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಕಾಲೇಜುಗಳಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿ ಬಿದ್ದರೆ ತುಂಬಲು ಸರ್ಕಾರಕ್ಕೆ ಅವಸರ ಇರುವುದಿಲ್ಲ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯಗಳಲ್ಲಿ, ದುಡಿಯುವ ಮೇಲ್ವಿಚಾರಕರನ್ನು ಕೇಳಿ ನೋಡಿ, ಗೌರವಧನದ ಕಥೆ ಅವರೇ ಹೇಳುತ್ತಾರೆ. ಖಾಯಂ ಹುದ್ದೆ ಸಿಕ್ಕಿದರೆ ಮಾತ್ರ ಚಿತ್ರ ಬೇರೆ. ಯುಜಿಸಿ ನಿಯಮದ ಪ್ರಕಾರ ಕಾಲೇಜು ಗ್ರಂಥಪಾಲಕರಿಗೂ ಸಹಾಯಕ ಪ್ರಾಧ್ಯಾಪಕರಿಗೂ ಆರಂಭದ ಮೂಲ ವೇತನ ಒಂದೇ, 57,700 ರೂಪಾಯಿ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ವಿಶ್ವವಿದ್ಯಾಲಯದ ಗ್ರಂಥಪಾಲಕರ ಹುದ್ದೆ ಪ್ರಾಧ್ಯಾಪಕರಿಗೆ ಸಮಾನ. ಹಾಗಾಗಿ ಎರಡು ವರ್ಷ ಓದುವಾಗಲೇ ನೆಟ್‌ಗೆ ತಯಾರಿ ಶುರು ಮಾಡಬೇಕು. ಮುಗಿದ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಇಷ್ಟವಿದ್ದರೆ ಡೇಟಾಬೇಸ್, ಸ್ವಲ್ಪ ಪ್ರೋಗ್ರಾಮಿಂಗ್ ಕೂಡ ಕಲಿಯಲಿ. ಬಿ.ಎಸ್ಸಿ ಓದಿದವಳು, ಹೆದರಲಿಕ್ಕಿಲ್ಲ.

ಕುಲಪತಿ ಆಗಲು? 2018ರ ಯುಜಿಸಿ ನಿಯಮ ಕೇಳಿದ್ದು ಪ್ರಾಧ್ಯಾಪಕರಾಗಿ ಅಥವಾ ಒಳ್ಳೆಯ ಸಂಶೋಧನಾ, ಆಡಳಿತ ಸಂಸ್ಥೆಯಲ್ಲಿ ಹತ್ತು ವರ್ಷದ ಅನುಭವ. ವಿಷಯ ಯಾವುದು ಅಂತ ಕೇಳಿಲ್ಲ. ನಮ್ಮ ರಾಜ್ಯದಲ್ಲಿ ಶೋಧನಾ ಸಮಿತಿ ಹೆಸರುಗಳ ಪಟ್ಟಿ ಕೊಡುತ್ತದೆ, ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸುತ್ತಾರೆ. ಆ ಪಟ್ಟಿಯಲ್ಲಿ ಹೆಸರು ಬರಲು ಇನ್ನೂ ಏನೇನು ಬೇಕು ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ಪತ್ರಿಕೆಯಲ್ಲಿ ಬರೆಯುವುದು ಬೇಡ.

ಕೊನೆಗೆ ಟ್ರಂಕುಗಳು. ಯಾರಿಗೂ ಈಗಲೇ ಕೊಡಬೇಡಿ. ಪಟ್ಟಿ ಇಲ್ಲದೆ ಕೊಟ್ಟ ಪುಸ್ತಕ ಯಾವ ಮೂಲೆ ಸೇರಿತು ಎಂದು ಮತ್ತೆ ಗೊತ್ತಾಗುವುದಿಲ್ಲ. ಧಾರವಾಡಕ್ಕೆ ಹೋಗುವ ಮೊದಲು ಮಗಳ ಕೈಯಲ್ಲೇ ಪಟ್ಟಿ ಮಾಡಿಸಿ. ಬಿಸಿಲು ಇರುವ ದಿನ ತೆಗೆಯಿರಿ, ನಮ್ಮ ಕಡೆಯ ಮಳೆಗಾಲ ಕಾಗದಕ್ಕೆ ಆಗಿಬರುವುದಿಲ್ಲ. ಬರೆದವರು, ಹೆಸರು, ಅಚ್ಚಾದ ಊರು, ವರ್ಷ, ವಿಷಯ. ಮೊದಲ ನಾಲ್ಕು ಕಾಲಂ ಸರಾಗ. ಐದನೆಯದರಲ್ಲಿ ಪೆನ್ನು ನಿಲ್ಲುತ್ತದೆ. ಯಕ್ಷಗಾನ ಪ್ರಸಂಗದ ಹಿಂದಿನ ಪುಟದಲ್ಲಿ ನಿಮ್ಮ ತಂದೆಯವರು ನಾಟಿ ಮದ್ದು ಬರೆದಿಟ್ಟಿದ್ದರೆ ಅದು ಯಾವ ವಿಷಯ? ಹೀಗೆ ಪೆನ್ನು ನಿಂತಾಗ ಅವಳಿಗೆ ಖುಷಿ ಆಗುತ್ತದೋ, ಬೇಜಾರು ಬರುತ್ತದೋ, ಸ್ವಲ್ಪ ಗಮನಿಸಿ. ಪಟ್ಟಿಯ ಒಂದು ಪ್ರತಿ ನಮಗೂ ಕಳಿಸಿ. ಜಿಲ್ಲೆಯ ಹಳೆಯ ವಾರಪತ್ರಿಕೆಗಳ ಬಿಡಿ ಸಂಚಿಕೆ ಏನಾದರೂ ಅದರಲ್ಲಿದ್ದರೆ ಸ್ಕ್ಯಾನ್ ಮಾಡಿಸುವ ಖರ್ಚು ಪತ್ರಿಕೆಯದ್ದು.